ಗೋಡೆ ಮೇಲೆ ‘ದೆಫಾಂಸ್’ ಅಂತ ಇದ್ರೆ ಅದು ಮಿಲಿಟರಿ ಜಾಗವಾ?

ಪ್ರಶ್ನೆ: ನಮಸ್ತೆ ಮೇಡಂ. ಎಂ.ಎಸ್. ಮಾಡೋಕೆ ಫ್ರಾನ್ಸಿನ ಲಿಯೋನ್‌ಗೆ ಬಂದು ಮೂರು ವಾರ ಆಯ್ತು. ಊರಲ್ಲೇ ಫ್ರೆಂಚ್‌ನ ಮೊದಲ ಹಂತ ಎ1 ಮುಗಿಸಿದ್ದೆ, ಆದ್ರೂ ಬೀದಿ ಬೋರ್ಡು ಒಂದೂ ತಲೆಗೆ ಹತ್ತುತ್ತಿಲ್ಲ. ಹಳೇ ಗೋಡೆಗಳ ಮೇಲೆ ‘ದೆಫಾಂಸ್ ದಾಫಿಶೇ’, ಕೆಳಗೆ ‘29 ಜುಲೈ 1881ರ ಕಾನೂನು’ ಅಂತ ಇದೆ. ದೆಫಾಂಸ್ ಅಂದ್ರೆ ರಕ್ಷಣೆ ಅಲ್ವಾ? ನಿನ್ನೆ ತೆರೋ ಚೌಕದಲ್ಲಿ ‘ಒತೆಲ್ ದ ವೀಲ್’ ನೋಡಿ, ರೂಮ್ ಸಿಗುತ್ತಾ ಅಂತ ಕೇಳೋಕೆ ಹೋಗಿ ನಗೆಪಾಟಲಾದೆ.

ಉತ್ತರ: ನೀವು ರೂಮ್ ಕೇಳಿದ್ದು ನಗರಸಭೆಯಲ್ಲಿ! ಒತೆಲ್ ಅನ್ನೋದಕ್ಕೆ ದೊಡ್ಡ ಭವನ ಅನ್ನೋ ಹಳೇ ಅರ್ಥವೂ ಇದೆ. ‘ಒತೆಲ್ ದ ಪೊಲೀಸ್’ ಅಂತ ಕಂಡ್ರೆ ಅಲ್ಲೂ ರೂಮ್ ಕೇಳಬೇಡಿ, ಕೊಟ್ರೂ ಕೊಟ್ಟಾರು.

ಇನ್ನು ದೆಫಾಂಸ್. ‘ದೆಫಾಂದ್ರ್’ ಕ್ರಿಯಾಪದಕ್ಕೆ ಕಾಪಾಡು, ಬೇಡ ಅನ್ನು, ಎರಡೂ ಅರ್ಥ. ಪ್ಯಾರಿಸ್ ಪಕ್ಕದ ಲಾ ದೆಫಾಂಸ್ ಬಡಾವಣೆಯಲ್ಲಿ ಮೊದಲನೆಯದು. ಅಲ್ಲಿನ 1883ರ ಯುದ್ಧಸ್ಮಾರಕದಿಂದ ಬಂದ ಹೆಸರು ಅದು. ಗೋಡೆ ಮೇಲಿನದು ಎರಡನೆಯದು: ‘ಪೋಸ್ಟರ್ ಅಂಟಿಸಬಾರದು’. 1881ರದ್ದು ಪತ್ರಿಕಾ ಸ್ವಾತಂತ್ರ್ಯದ ಕಾನೂನು, ಪೋಸ್ಟರ್ ವಿಚಾರವೂ ಅದರಲ್ಲೇ ಬರುತ್ತೆ. ಸ್ವಾತಂತ್ರ್ಯದ ಕಾನೂನನ್ನ ಜನ ನೋಡೋದು ಮಾತ್ರ ‘ಅಂಟಿಸಬಾರದು’ ಅನ್ನೋದರ ಕೆಳಗೆ!

ಕ್ಲಾಸಲ್ಲಿ ನಿಮಗೆ ‘ಮಾಡಿ, ಮಾಡಬೇಡಿ’ ರೂಪ ಕಲಿಸಿರ್ತಾರೆ. ಬೋರ್ಡಿನಲ್ಲಿ ಹೆಚ್ಚಾಗಿ ಕ್ರಿಯಾಪದದ ಮೂಲರೂಪವೇ ಇರುತ್ತೆ. ‘ನ ಪಾ ತುಶೇ’ ಅಂದ್ರೆ ನಮ್ಮ ‘ಮುಟ್ಟಬಾರದು’ ಇದ್ದ ಹಾಗೆ, ಯಾರಿಗೆ ಹೇಳ್ತಿದೆ ಅನ್ನೋದೇ ಇಲ್ಲ. ಮುಂದೆ ‘ಪ್ರಿಯೆರ್ ದ’ ಸೇರಿದ್ರೆ ‘ದಯವಿಟ್ಟು’. ‘ಆಂತೆರ್ದಿ’ ಕಂಡ್ರೆ ಅಲ್ಲಿಗೆ ಮಾತು ಮುಗೀತು, ನಿಷೇಧ. ಬಾಗಿಲ ಮೇಲೆ ‘ಪುಸೇ’ ಇದ್ರೆ ತಳ್ಳಿ, ‘ತಿರೇ’ ಇದ್ರೆ ಎಳೀರಿ. ಇಪ್ಪತ್ತು ವರ್ಷ ಪಾಠ ಮಾಡಿದ ನಾನು ಈಗಲೂ ಕೆಲವೊಮ್ಮೆ ಉಲ್ಟಾ ಮಾಡ್ತೀನಿ.

ಮನೆ ಹುಡುಕ್ತಿದ್ರೆ ‘ಲೊಕಾಸಿಯೊಂ’ ಅನ್ನೋದನ್ನ ಜಾಗದ ವಿಳಾಸ ಅಂದ್ಕೋಬೇಡಿ. ಅದು ಬಾಡಿಗೆ. ‘ಲಿಬ್ರೆರಿ’ ಪುಸ್ತಕದಂಗಡಿ, ಲೈಬ್ರರಿ ಬೇಕಾದ್ರೆ ‘ಬಿಬ್ಲಿಯೊತೆಕ್’ ಹುಡುಕಿ.

ಇನ್ನೊಬ್ಬರು: ಮೇಡಂ, ನಾವು ಕಾರಲ್ಲಿ ಹೋಗ್ತಿದ್ದಾಗ ಒಂದು ಕಡೆ ‘ತೂತ್ ದಿರೆಕ್ಸಿಯೊಂ’ ಇತ್ತು, ಮುಂದಿನ ಸರ್ಕಲ್‌ನಲ್ಲಿ ‘ಓತ್ರ್ ದಿರೆಕ್ಸಿಯೊಂ’. ಎಲ್ಲಾ ದಿಕ್ಕೂ ಆದ ಮೇಲೆ ಬೇರೆ ದಿಕ್ಕು ಯಾವುದು ಅಂತ ನಮ್ಮೆಜಮಾನ್ರು ಮೂರು ಸುತ್ತು ಹೊಡೆದ್ರು.

ಉತ್ತರ: ಮೊದಲನೆಯದು, ಊರು ದಾಟಿ ಹೋಗೋರೆಲ್ಲ ಈ ಕಡೆ ಅಂತ. ಎರಡನೆಯದು ಕಂಡಾಗ ಪಕ್ಕದ ಬಾಣಗಳನ್ನ ಮೊದಲು ಓದಬೇಕು. ನೀವು ಹೋಗೋ ಊರ ಹೆಸರು ಅವುಗಳಲ್ಲಿ ಇಲ್ಲದಿದ್ರೆ ಈ ದಾರಿ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಮೇಡಂ. ಕೊನೇದು, ನಮ್ಮ ಬಿಲ್ಡಿಂಗ್ ಕೆಳಗಿನ ಅಂಗಡಿಯಲ್ಲಿ ‘ಆಂತ್ರೇ ಲೀಬ್ರ್’ ಅಂತಿದೆ. ಫ್ರೀ ಏನಾದ್ರೂ ಕೊಡ್ತಾರಾ?

ಉತ್ತರ: ಇಲ್ಲಪ್ಪ. ಏನೂ ಕೊಳ್ಳದಿದ್ರೂ ಒಳಗೆ ಬಂದು ನೋಡ್ಕೊಂಡು ಹೋಗಬಹುದು, ಅಷ್ಟೇ. ದುಡ್ಡೇ ಬೇಡ ಅನ್ನೋ ಕಡೆ ‘ಗ್ರಾತ್ವಿ’ ಅಂತ ಬರೆದಿರ್ತಾರೆ.