‘ಚಾಲೂ ಆಗವಲ್ದು’ ಮತ್ತು ‘ಬೂಟ್ ಆಗವಲ್ದು’ ಒಂದೇ ಏನು?

ಪ್ರಶ್ನೆ: ಮನೆಯಲ್ಲೇ ಜೋಡಿಸಿದ ಕಂಪ್ಯೂಟರಿಗೆ ಲಿನಕ್ಸ್ (ವಿಂಡೋಸ್‌ನಂಥ ಆಪರೇಟಿಂಗ್ ಸಿಸ್ಟಮ್) ಹಾಕುವ ಬಗ್ಗೆ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇವೆ. ಹುಬ್ಬಳ್ಳಿ-ಧಾರವಾಡದ ಕಡೆ ಏನೇ ಕೆಟ್ಟರೂ ‘ಚಾಲೂ ಆಗವಲ್ದು’ ಅನ್ನುತ್ತಾರೆ. ‘ಬೂಟ್’ ಬರುವಲ್ಲೆಲ್ಲ ‘ಚಾಲೂ’ ಹಾಕಬಹುದೇ? ‘ವಲ್ದು’ ಬೇರೆ ಕಡೆಯ ಓದುಗರಿಗೆ ತಿಳಿದೀತೇ?

ಉತ್ತರ: ದಯವಿಟ್ಟು ಹಾಕಬೇಡಿ. ಫ್ಯಾನು, ಮಿಕ್ಸರು, ಬೋರಿನ ಮೋಟರು ಚಾಲೂ ಆಗುತ್ತವೆ, ಬಂದ್ ಆಗುತ್ತವೆ, ಅಲ್ಲಿಗೆ ಮುಗಿಯಿತು. ಕಂಪ್ಯೂಟರು ಚಾಲೂ ಆದ ಮೇಲೂ ಕೆಲಸ ಬಾಕಿ ಇರುತ್ತದೆ: ಡಿಸ್ಕಿನಿಂದ ಲಿನಕ್ಸನ್ನು ಎತ್ತಿ ನಡೆಸಬೇಕು, ಅದೇ ಬೂಟ್.

ಗುಂಡಿ ಒತ್ತಿದರೂ ಫ್ಯಾನ್ ತಿರುಗದಿದ್ದರೆ ಅದು ‘ಚಾಲೂ ಆಗವಲ್ದು’. 24 ಪಿನ್ನಿನ ಕನೆಕ್ಟರ್, ಕ್ಯಾಬಿನೆಟ್ ಗುಂಡಿಯ ವೈರು ನೋಡಬೇಕು. ಫ್ಯಾನ್ ತಿರುಗಿಯೂ ಪರದೆಯಲ್ಲಿ ಏನೂ ಮೂಡದಿದ್ದರೆ ‘ಡಿಸ್‌ಪ್ಲೇ ಬರವಲ್ದು’. ರ‍್ಯಾಮ್ ತೆಗೆದು, ಚಿಲಕ ಟಕ್ ಅನ್ನುವ ಹಾಗೆ ಮತ್ತೆ ಕೂರಿಸಬೇಕು. ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ನಿನ ಕನೆಕ್ಟರ್ ಮರೆತರೂ ಹೀಗೇ. ಇವೆರಡರಲ್ಲೂ ಲಿನಕ್ಸಿನ ತಪ್ಪಿಲ್ಲ.

ಮದರ್‌ಬೋರ್ಡಿನ ಲೋಗೊ ಬಂದು ಹೋಗಿ, ಅಲ್ಲಿಂದ ಮುಂದೆ ನಿಂತರೆ ಅದು ಖರೇ ‘ಬೂಟ್ ಆಗವಲ್ದು’. ಇಲ್ಲಿ ಪರದೆಯ ಮಾತನ್ನು ಅಕ್ಷರ ಬಿಡದೆ ಓದಬೇಕು. ‘ನೋ ಬೂಟೇಬಲ್ ಡಿವೈಸ್’ ಅಂದರೆ ಬೋರ್ಡಿಗೆ ಗ್ರಬ್ (ಲಿನಕ್ಸನ್ನು ಎಳೆದು ತರುವ ಸಣ್ಣ ಪ್ರೋಗ್ರಾಮು) ಸಿಕ್ಕೇ ಇಲ್ಲ. ಕಪ್ಪು ಪರದೆಯಲ್ಲಿ ‘ಗ್ರಬ್ ರೆಸ್ಕ್ಯೂ’ ಎಂದು ಬಂದು ಪಕ್ಕದಲ್ಲಿ ಕರ್ಸರ್ ಮಿಣುಕುತ್ತಿದ್ದರೆ ಗ್ರಬ್ ಸಿಕ್ಕಿದೆ, ಗ್ರಬ್‌ಗೆ ತನ್ನ ಫೋಲ್ಡರ್ ಇರುವ ಪಾರ್ಟಿಶನ್ (ಡಿಸ್ಕಿನ ಪಾಲು) ಸಿಕ್ಕಿಲ್ಲ. ಪಾರ್ಟಿಶನ್ ಅಳಿಸಿದಾಗ, ಅದರ ನಂಬರ್ ಬದಲಾದಾಗ ಹೀಗಾಗುತ್ತದೆ. ‘ನೋ ಬೂಟೇಬಲ್ ಡಿವೈಸ್’ಗೆ ಸಾಮಾನ್ಯ ಕಾರಣ, ಪೆನ್‌ಡ್ರೈವನ್ನು ಲೆಗಸಿ (ಹಳೆಯ ಬಯೋಸ್ ಪದ್ಧತಿಯ) ಮೋಡಿನಲ್ಲಿ ಬೂಟ್ ಮಾಡಿ ಲಿನಕ್ಸ್ ಹಾಕಿದ್ದು, ಬೋರ್ಡು ಮಾತ್ರ ಯುಇಎಫ್‌ಐ (ಹೊಸ ಪದ್ಧತಿಯ) ಮೋಡಿನಲ್ಲಿರುವುದು. ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಂಡರೆ ‘ಯುಇಎಫ್‌ಐ’ ಎಂದು ಶುರುವಾಗುವ ಸಾಲನ್ನೇ ಆರಿಸಬೇಕು. ಎರಡು ಡಿಸ್ಕ್ ಇದ್ದರೆ ಇನ್ನೊಂದು ಪೇಚು: ಲಿನಕ್ಸ್ ಎಸ್‌ಎಸ್‌ಡಿಯಲ್ಲಿ, ಗ್ರಬ್ ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಕೂತಿರುತ್ತದೆ. ಹಳೆಯದರ ಕೇಬಲ್ ಕಿತ್ತ ದಿನ ಬೂಟೂ ನಿಲ್ಲುತ್ತದೆ. ಇನ್‌ಸ್ಟಾಲ್ ಮಾಡುವಾಗ ಎರಡನೆಯ ಡಿಸ್ಕಿನ ಕೇಬಲ್ ಬಿಚ್ಚಿಡುವುದೇ ಸುಲಭದ ದಾರಿ.

ಇಂಗ್ಲಿಷಿನ ಬೂಟ್ ಕೂಡ ನಾವು ಕಾಲಿಗೆ ಹಾಕುವ ಬೂಟೇ. ಉದ್ದ ಬೂಟಿನ ಹಿಂದಿನ ಪಟ್ಟಿ ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವುದು ಎಂಬ ಮಾತಿನಿಂದ ‘ಬೂಟ್‌ಸ್ಟ್ರಾಪ್’ ಬಂತು, ಅದು ಸವೆದು ‘ಬೂಟ್’ ಆಯಿತು: ಸಣ್ಣ ಪ್ರೋಗ್ರಾಮು ದೊಡ್ಡದನ್ನು ಎಳೆದು ತರುತ್ತದೆ. ‘ಬೂಟ್’ ಬದಲಿಗೆ ಕನ್ನಡದ ‘ಏಳು’ ಹಾಕಿದರೆ ಚೆಂದವೇ, ಆದರೆ ಸಸ್ಪೆಂಡ್‌ನಿಂದ (ಕಂಪ್ಯೂಟರಿನ ನಿದ್ದೆಯಿಂದ) ಮರಳುವುದಕ್ಕೆ ಆ ಪದ ಬೇಕಾಗುತ್ತದೆ.

ಇನ್ನು ‘ವಲ್ದು’. ಇದು ‘ಒಲ್ಲದು’. ಆಗ+ಒಲ್ಲದು, ಆಗಲು ಒಪ್ಪುತ್ತಿಲ್ಲ. ‘ಮಳಿ ಬರವಲ್ದು’ ಅನ್ನುವಾಗ ಬರಬೇಕಿತ್ತು ಎಂಬ ನಿರೀಕ್ಷೆ ಒಳಗಿದೆ. ‘ಆಗಂಗಿಲ್ಲ’ ಬೇರೆ. 32 ಬಿಟ್ ಪ್ರೊಸೆಸರಿನಲ್ಲಿ 64 ಬಿಟ್ ಲಿನಕ್ಸ್ ‘ಬೂಟ್ ಆಗಂಗಿಲ್ಲ’, ಎಷ್ಟು ತಿಣುಕಿದರೂ ಅಷ್ಟೇ. ‘ಬೂಟ್ ಆಗವಲ್ದು’ ಅಂದರೆ ಆಗಬೇಕಾದದ್ದು ಎಲ್ಲೋ ತಡೆದಿದೆ, ಹುಡುಕಿದರೆ ಸಿಕ್ಕೀತು. ಬೇರೆ ಕಡೆಯ ಓದುಗರಿಗೂ ತಿಳಿಯುವಂತೆ ಕೈಪಿಡಿಯಲ್ಲಿ ‘ಆಗಂಗಿಲ್ಲ’ ಎಂಬುದಕ್ಕೆ ‘ಬೂಟ್ ಆಗುವುದಿಲ್ಲ’, ‘ಆಗವಲ್ದು’ ಎಂಬುದಕ್ಕೆ ‘ಬೂಟ್ ಆಗುತ್ತಿಲ್ಲ’ ಎಂದು ಬರೆಯಿರಿ, ಎರಡನ್ನೂ ಕಲಸಬೇಡಿ.