ಮಾನಸಿಕ ಆರೋಗ್ಯದ ಬಗ್ಗೆ ಇಂಗ್ಲಿಷಲ್ಲಿ ಮಾತಾಡೋದು ಹೇಗೆ?

ಆಗುಂಬೆ_ಮಳೆ: ತೀರ್ಥಹಳ್ಳಿ ಕಡೆ ಬಿಎಸ್‌ಡಬ್ಲ್ಯೂ (ಸಮಾಜಕಾರ್ಯ ಪದವಿ) ಓದೋರ ಗುಂಪು ಚರ್ಚೆಗೆ ವಿಷಯ: ಕುಡಿತ, ಅಡಿಕೆ ಬೆಳೆಗಾರರ ಸಾಲ, ಖಿನ್ನತೆ. ಪದಪಟ್ಟಿ ಬಾಯಿಪಾಠ ಆಗಿದೆ, ವಾಕ್ಯ ಕಟ್ಟೋಕೆ ಹೋದ್ರೆ ತಡವರಿಸುತ್ತೆ. ಏನು ಮಾಡ್ಬೇಕು?

ತುಂಗಾತೀರ: ಒಂಟಿ ಪದ ಬಿಡಿ, ಜೋಡಿಯಾಗಿ ಕಲೀರಿ. 'ಕೋಪ್' (cope, ನಿಭಾಯಿಸೋದು) ಬರೆದ್ರೆ ಪಕ್ಕದಲ್ಲೇ 'ವಿತ್' ಬರೀರಿ. 'ಕೋಪ್ ಅಪ್ ವಿತ್' ನಮ್ಮಲ್ಲಿ ಮಾಮೂಲಿ ತಪ್ಪು. 'ಅಡಿಕ್ಟೆಡ್' ಆದ್ಮೇಲೆ 'ಟು'. 'ಡಿಸ್ಕಸ್' ಆದ್ಮೇಲೆ 'ಅಬೌಟ್' ಬೇಡ, ಕನ್ನಡದ 'ಬಗ್ಗೆ' ನುಸುಳೋದು ಅಲ್ಲೇ. ಸಾಲಕ್ಕೆ 'ಡೀಪ್ ಇನ್ ಡೆಟ್'. 'ಡೆಟ್' (debt) ಒಳಗಿನ 'ಬಿ' ಉಚ್ಚರಿಸಬಾರದು. ಪ್ರತಿ ಜೋಡಿಗೂ ಊರಿನದೇ ಮೂರು ವಾಕ್ಯ ಕಟ್ಟಿ, ಜೋರಾಗಿ ಹೇಳಿ. ಎಲೆಚುಕ್ಕಿ ರೋಗಕ್ಕೆ ತೋಟ ಹೋದ ಮನೆ ಅಂದ್ರೆ ಸಾಲ, ಒತ್ತಡ, ಕುಡಿತ ಮೂರೂ ಒಂದೇ ಮಾತಲ್ಲಿ ಬರುತ್ತೆ.

ಕೊಡಚಾದ್ರಿ: ಧಾಟಿನೂ ನೋಡ್ಕೊಳ್ಳಿ. 'ಕಮಿಟೆಡ್ ಸೂಸೈಡ್' ಬದಲು 'ಡೈಡ್ ಬೈ ಸೂಸೈಡ್' ಅನ್ನಿ. 'ಕಮಿಟ್' ಅಪರಾಧಕ್ಕೆ ಅಂಟಿಕೊಂಡ ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತ ಭಾವಿಸುತ್ತೆ. ಹಾಗೇ 'ಆಲ್ಕೊಹಾಲಿಕ್' ಅಂತ ಹಣೆಪಟ್ಟಿ ಹಚ್ಚೋ ಬದಲು 'ಎ ಪರ್ಸನ್ ವಿತ್ ಆಲ್ಕೊಹಾಲ್ ಡಿಪೆಂಡೆನ್ಸ್'. ಉದ್ದ ಆಯ್ತು, ಹೌದು. ಆದ್ರೂ ಅದೇ ಸರಿ.

ಸಾಗರದವಳು: ಒಂದಿನದ ಬೇಜಾರಿಗೆಲ್ಲ 'ಡಿಪ್ರೆಶನ್' ಅನ್ನಬೇಡಿ ಮಾರಾಯ್ರೆ, 'ಅಪ್‌ಸೆಟ್' ಸಾಕು. ವೈದ್ಯರು ಖಿನ್ನತೆ ಅನ್ನೋಕೆ ಲಕ್ಷಣಗಳು ಕನಿಷ್ಠ 2 ವಾರ ಇರ್ಬೇಕು. ಔಷಧಿ ಬರೆಯೋರು 'ಸೈಕೈಯಟ್ರಿಸ್ಟ್', ಹೇಳುವಾಗ ಒತ್ತು ನಡುವಿನ 'ಕೈ' ಮೇಲೆ. ಚರ್ಚೆ ಕೊನೇಲಿ ಟೆಲಿ ಮಾನಸ್ ಸಹಾಯವಾಣಿ 14416 ಹೇಳಿ. ಕನ್ನಡದಲ್ಲೇ ಮಾತಾಡಬಹುದು, ಶುಲ್ಕ ಇಲ್ಲ.