ಲಿವಿಂಗ್ ವಿಲ್ ಪ್ರತಿ ತಗೊಳ್ಳೋ ಅಧಿಕಾರಿ ಯಾರು? ಸಹಾಯ ಬೇಕು

ದಯಾಮರಣದ ಇಂಜೆಕ್ಷನ್ ವಿಷಯ ಅಲ್ಲ, ಅದು ನಮ್ಮ ದೇಶದಲ್ಲಿ ಅಪರಾಧ. ವೆಂಟಿಲೇಟರ್‌ನಂಥ ಚಿಕಿತ್ಸೆ ಬೇಡ ಅಂತ ಮುಂಚೆಯೇ ಬರೆದಿಡೋ ಪತ್ರದ್ದು. 2023ರಲ್ಲಿ ಸುಪ್ರೀಂ ಕೋರ್ಟ್ ನಿಯಮ ಸಡಿಲಿಸಿದ ಹಾಗೆ ಇಬ್ಬರು ಸಾಕ್ಷಿ, ನೋಟರಿ ಸಹಿ ಎಲ್ಲ ಆಗಿದೆ. ಕುಟುಂಬ ವೈದ್ಯರಿಗೂ ಪ್ರತಿ ಕೊಟ್ಟಾಗಿದೆ.

ತೊಡಕು ಇರೋದು ಸ್ಥಳೀಯ ಸಂಸ್ಥೆಯ ನಿಯೋಜಿತ ಅಧಿಕಾರಿಗೆ ಕೊಡೋ ಪ್ರತಿಯಲ್ಲಿ. ಕರ್ನಾಟಕ ಆರೋಗ್ಯ ಇಲಾಖೆಯ 2025ರ ಜನವರಿ ಸುತ್ತೋಲೆ ತೋರಿಸಿದ್ರೂ ನಗರಸಭೆಯವರು "ಅಂಥವರು ಯಾರೂ ಇಲ್ಲ" ಅಂತಾರೆ, ಸ್ವೀಕೃತಿ ಮುದ್ರೆನೂ ಹಾಕಲ್ಲ. ಆದರೆ ನಾಳೆ ಪತ್ರ ಅಸಲಿಯೋ ಅಂತ ವೈದ್ಯರು ಖಚಿತಪಡಿಸಿಕೊಳ್ಳೋದು ಆ ಪ್ರತಿಯಿಂದ, ಇಲ್ಲಾಂದ್ರೆ ಡಿಜಿಟಲ್ ಆರೋಗ್ಯ ದಾಖಲೆಯಿಂದ. ಅದಾದ ಮೇಲೇ ಎರಡು ವೈದ್ಯಕೀಯ ಮಂಡಳಿಗಳ ಅಭಿಪ್ರಾಯ.

ಪೌರಾಯುಕ್ತರಿಗೆ ಸ್ಪೀಡ್ ಪೋಸ್ಟ್ ಮಾಡಿದ ರಸೀದಿಯನ್ನ ಆಸ್ಪತ್ರೆಯವರು ಒಪ್ಪುತ್ತಾರಾ? ಸ್ವೀಕೃತಿ ಸಿಕ್ಕವರು ಯಾರಾದ್ರೂ ಇದ್ರೆ, ಯಾವ ವಿಭಾಗದಲ್ಲಿ ಸಿಕ್ತು?